ಹನ್ನೆರಡನೆಯವನಿಗೆ ಪೇಟ

ನಮ್ಮ ರಾರಿಟನ್ ಕನ್ನಡ ಕೂಟಕ್ಕೆ ಇದ್ದದ್ದು ಒಂದೇ ಒಂದು ಮೈಸೂರು ಪೇಟ. ಅದರ ಕಾವಲುಗಾರ ನಾನು. ಹೆಸರು ನಾಗಲಿಂಗಪ್ಪ, ಊರು ಗದಗ-ಬೆಟಗೇರಿ, ಸದ್ಯಕ್ಕೆ ಅಮೆರಿಕದ ನ್ಯೂಜೆರ್ಸಿಯ ಮೆಟುಚೆನ್‌ನಲ್ಲಿ ನಿವೃತ್ತ ಎಂಜಿನಿಯರ್. ಊರಿನಿಂದ ತರಿಸಿದ ಬೇರೆ ಪೇಟಗಳೆಲ್ಲ ಸೂಟ್‌ಕೇಸಿನಲ್ಲಿ ಚಟ್ನಿಪುಡಿ ಡಬ್ಬಗಳ ಕೆಳಗೆ ಸಿಕ್ಕು ಅಪ್ಪಚ್ಚಿಯಾಗಿ ಬಂದವು. ನೆಟ್ಟಗೆ ಉಳಿದದ್ದು ಇದೊಂದೇ. ನನ್ನ ಹೆಂಡತಿ ಕಲಾ ಕೇಕ್ ಒಯ್ಯಲು ತಂದಿದ್ದ ದುಂಡನೆಯ ಪ್ಲಾಸ್ಟಿಕ್ ಡಬ್ಬವನ್ನು ನಾನು ಕಸಿದುಕೊಂಡು, ಪೇಟವನ್ನು ಅದರಲ್ಲಿಟ್ಟು, ಬೇಸ್‌ಮೆಂಟಿನಲ್ಲಿ ಕಾಪಾಡಿಕೊಂಡು ಬಂದಿದ್ದೆ.

ನಿಯಮ ಸರಳ. ಅತಿಥಿಗೆ ಶಾಲು ಕೊಟ್ಟುಬಿಡುತ್ತೇವೆ, ಹಣ್ಣಿನ ಬುಟ್ಟಿಯನ್ನೂ ಕೊಟ್ಟುಬಿಡುತ್ತೇವೆ. ಪೇಟ ಮಾತ್ರ ಫೋಟೋ ಮುಗಿಯುವವರೆಗೆ. ಆಮೇಲೆ ನಾನು ಹಿಂದಿನಿಂದ ಹೋಗಿ, ‘ಸರ್, ಇದು ಕೂಟದ್ದು’ ಎಂದು ಮೆಲ್ಲಗೆ ತಲೆಯಿಂದ ಎತ್ತಿಕೊಳ್ಳುತ್ತೇನೆ. ಮುಲಾಜೆಂಬುದು ನನ್ನ ಜಾತಕದಲ್ಲೇ ಇಲ್ಲ. ಒಬ್ಬ ಸಿನಿಮಾ ನಟ ಪೇಟ ಹಾಕಿಕೊಂಡೇ ಕಾರು ಹತ್ತಿದಾಗ ಪಾರ್ಕಿಂಗ್ ಲಾಟಿನವರೆಗೂ ಓಡಿ, ಕಾರಿನ ಗಾಜು ತಟ್ಟಿ ಇಸಿದುಕೊಂಡು ಬಂದಿದ್ದೇನೆ. ಅವನ ಮುಖ ನೋಡಬೇಕಿತ್ತು. ಕಲಾ ಒಂದು ವಾರ ನನ್ನೊಂದಿಗೆ ಮಾತಾಡಲಿಲ್ಲ, ಮನೆ ಎಷ್ಟು ಶಾಂತವಾಗಿತ್ತು ಅಂತೀರಿ.

ಈಗ ಆರ್ಚಿಯ ವಿಷಯಕ್ಕೆ ಬರುತ್ತೇನೆ. ನನಗೆ ಬೈಪಾಸ್ ಆದ ಮೇಲೆ ಎಡಿಸನ್ನಿನಲ್ಲಿ ಹೃದ್ರೋಗಿಗಳಿಗೆ ವ್ಯಾಯಾಮ ಮಾಡಿಸುವ ಕಡೆ ಹಾಕಿದರು. ಎಲ್ಲಿಗೂ ಹೋಗದ ಸೈಕಲ್ಲನ್ನು ತುಳಿಯುವುದಕ್ಕಿಂತ ಅವಮಾನ ಮನುಷ್ಯನಿಗೆ ಬೇರೆ ಇಲ್ಲ. ನಾನು ಹಾಗೆಂದು ಗೊಣಗಿಕೊಂಡು ತುಳಿಯುತ್ತಿದ್ದರೆ, ಪಕ್ಕದ ಸೈಕಲ್ಲಿನಲ್ಲಿ ಒಬ್ಬ ಬಿಳಿ ಮುದುಕ, ಕಡ್ಡಿಯಂಥ ಕಾಲು, ಗುಂಡುಕಲ್ಲಿನಂಥ ಮೀನಖಂಡ, ನನಗಿಂತ ಎರಡರಷ್ಟು ವೇಗದಲ್ಲಿ ತುಳಿಯುತ್ತ ನಗುತ್ತಿದ್ದ. ವಯಸ್ಸು ತೊಂಬತ್ತೆರಡು ಎಂದು ನರ್ಸಮ್ಮ ಹೇಳಿದಾಗ ನನಗೆ ಹೊಟ್ಟೆ ಉರಿಯಿತು. ಅಷ್ಟು ಹಿರಿಯನನ್ನು ಬಹುವಚನದಲ್ಲಿ ಬರೆಯಬೇಕು, ಗೊತ್ತು. ಆದರೆ ಪಕ್ಕದಲ್ಲಿ ಕೂತು ಬೆವರುವವನ ಜೊತೆ ಬಹುವಚನ ಬಹಳ ದಿನ ಬಾಳುವುದಿಲ್ಲ.

ಹೆಸರು ಆರ್ಚಿ ಮೆಕ್‌ಫೇಲ್. ಹುಟ್ಟಿದ್ದು ಸ್ಕಾಟ್ಲೆಂಡಿನ ಬ್ಲ್ಯಾಕ್‌ರಿಗ್ ಎಂಬ ಕಲ್ಲಿದ್ದಲು ಊರಿನಲ್ಲಿ. ಅಪ್ಪ ಗಣಿಯಲ್ಲಿ, ಅಣ್ಣಂದಿರು ಗಣಿಯಲ್ಲಿ, ಇವನೂ ಮೀಸೆ ಮೂಡುವ ಮೊದಲೇ ಗಣಿಗೆ ಇಳಿದವನು. ಶನಿವಾರ ಬೆಳಗಿನ ಪಾಳಿ ಮುಗಿಸಿ, ಮುಖ ತೊಳೆದು, ಮಧ್ಯಾಹ್ನ ಊರಿನ ತಂಡ ಬ್ಲ್ಯಾಕ್‌ರಿಗ್ ಥಿಸಲ್‌ಗೆ ಫುಟ್‌ಬಾಲ್ ಆಡುತ್ತಿದ್ದ. ಎಷ್ಟು ತೊಳೆದರೂ ಕಣ್ಣಂಚಿನ ಮಸಿ ಹೋಗುತ್ತಿರಲಿಲ್ಲವಂತೆ. ‘ನಿಮ್ಮ ತಂಡದವರೆಲ್ಲ ಕಣ್ಣಿಗೆ ಕಾಡಿಗೆ ಹಚ್ಚಿದ ಮದುಮಕ್ಕಳ ಹಾಗೆ ಕಾಣುತ್ತಿದ್ದಿರಬೇಕು’ ಎಂದು ನಾನು ಹೇಳಿದ್ದಕ್ಕೆ ನಕ್ಕು ನಕ್ಕು ಅವನ ಎದೆಬಡಿತದ ಯಂತ್ರ ಕಿರುಚಿತು. ನರ್ಸಮ್ಮ ನನ್ನನ್ನೇ ಗದರಿದಳು.

ಆಡುತ್ತಿದ್ದದ್ದು ರೈಟ್ ಹಾಫ್ ಜಾಗದಲ್ಲಿ. ನನಗೆ ಕ್ರಿಕೆಟ್ ಬಿಟ್ಟರೆ ಬೇರೆ ಆಟ ತಿಳಿಯದು, ಅದಕ್ಕೆ ಬಿಡಿಸಿ ಹೇಳಿದ. ಎದುರಾಳಿಯ ಕಾಲಿನಿಂದ ಚೆಂಡು ಕಿತ್ತುಕೊಂಡು ಮುಂದೆ ನಿಂತವನಿಗೆ ಕೊಡುವುದು, ಅಷ್ಟೇ ಕೆಲಸ. ಗೋಲು ಹೊಡೆಯುವುದು ಆ ಮುಂದಿನವನು, ಪೇಪರಿನಲ್ಲಿ ಹೆಸರು ಬರುವುದೂ ಅವನದೇ. ಚೆಂಡು ದಪ್ಪ ತೊಗಲಿನದು, ಮಳೆಯಲ್ಲಿ ನೆನೆದರೆ ಒದ್ದೆ ರುಬ್ಬುಗುಂಡು. ಅದರ ಬಾಯಿ ಹೊಲಿದ ದಾರ ಹಣೆಗೆ ತಾಗಿ ಆದ ಗಾಯದ ಗೆರೆ ಇನ್ನೂ ಇದೆ. ಮುಟ್ಟಿ ನೋಡು ಎಂದ, ಮುಟ್ಟಿದೆ.

ಹನ್ನೊಂದು ವರ್ಷ ಆ ಒಂದೇ ತಂಡ. ದೊಡ್ಡ ತಂಡಗಳು ಕರೆದರೂ ಹೋಗಲಿಲ್ಲ. ಯಾಕೆಂದು ಕೇಳಿದರೆ, ಶನಿವಾರ ಆಟ ನೋಡಲು ನಿಲ್ಲುತ್ತಿದ್ದವರೆಲ್ಲ ವಾರವಿಡೀ ತನ್ನ ಜೊತೆ ನೆಲದಡಿಯಲ್ಲಿ ಕೆಲಸ ಮಾಡುವವರು, ಅವರ ಮುಂದೆ ಬೇರೆ ಬಣ್ಣದ ಅಂಗಿ ತೊಟ್ಟು ಬಂದು ನಿಲ್ಲಲು ಮನಸ್ಸಾಗಲಿಲ್ಲ ಎಂದ. ಒಂದು ವರ್ಷ ಗ್ಲಾಸ್ಗೋ ನಗರದ ಭಾರೀ ತಂಡವೊಂದು ಬ್ಲ್ಯಾಕ್‌ರಿಗ್‌ಗೆ ಬಂತು. ಅವರ ಹೆಸರಾಂತ ಆಟಗಾರನೊಬ್ಬನ ಬೆನ್ನು ಬಿದ್ದ ಆರ್ಚಿ ಇಡೀ ಆಟದಲ್ಲಿ ಅವನಿಗೆ ಚೆಂಡು ದಕ್ಕಗೊಡಲಿಲ್ಲ. ಪಂದ್ಯ ಮುಗಿದ ಮೇಲೆ ಆ ದೊಡ್ಡ ಮನುಷ್ಯನೇ ಬಂದು ಕೈ ಕುಲುಕಿ, ‘ಇವತ್ತು ನನ್ನ ಹೆಂಡತಿಗಿಂತ ನೀನೇ ಹತ್ತಿರವಿದ್ದೆ’ ಎಂದನಂತೆ. ಇದನ್ನು ಹೇಳುವಾಗ ಆರ್ಚಿ ಸೈಕಲ್ ತುಳಿಯುವುದನ್ನೇ ಮರೆತಿದ್ದ. ನನಗೂ ಆ ಮುದುಕನ ಮೇಲೆ ಅಭಿಮಾನ ಹುಟ್ಟಿದ್ದು ಆವತ್ತೇ, ಬಿಚ್ಚಿ ಹೇಳುವುದಕ್ಕೇನು ನಾಚಿಕೆ.

ಆ ಆಟ ನೋಡಿಯೇ ದೇಶದ ತಂಡಕ್ಕೆ ಕರೆ ಬಂತು, ವೇಲ್ಸ್ ವಿರುದ್ಧದ ಪಂದ್ಯಕ್ಕೆ. ಆದರೆ ಹನ್ನೆರಡನೆಯವನಾಗಿ. ಆಗ ಫುಟ್‌ಬಾಲಿನಲ್ಲಿ ಬದಲಿ ಆಟಗಾರನನ್ನು ನಡುವೆ ಇಳಿಸುವ ಪದ್ಧತಿ ಇರಲಿಲ್ಲ. ಆಟಕ್ಕೆ ಮೊದಲು ಯಾರಾದರೂ ಮಲಗಿದರೆ ಮಾತ್ರ ಇವನಿಗೆ ಅವಕಾಶ. ಹೋಟೆಲಿನಲ್ಲಿ ಇವನ ಕೋಣೆ ಹಂಚಿಕೊಂಡವನು ಡೇವಿ ಲೋಗನ್, ಅದೇ ರೈಟ್ ಹಾಫ್ ಜಾಗದವನು, ಅವನಿಗೂ ದೇಶಕ್ಕಾಗಿ ಅದೇ ಮೊದಲ ಪಂದ್ಯ. ಬೆಳಿಗ್ಗೆ ಎದ್ದಾಗ ಡೇವಿಯ ಮೊಣಕಾಲು ಊದಿಕೊಂಡಿತ್ತು. ಆರ್ಚಿ ತಾನೇ ಬಿಸಿನೀರಿನ ಟವೆಲು ಕಟ್ಟಿ, ಪಟ್ಟಿ ಸುತ್ತಿದ. ತಂಡದ ತರಬೇತುದಾರ ಬಾಗಿಲಿಗೆ ಬಂದು ಡೇವಿ ಸರಿಯಿದ್ದಾನೆಯೇ ಎಂದು ಕೇಳಿದ್ದು ಡೇವಿಯನ್ನಲ್ಲ, ಆರ್ಚಿಯನ್ನು. ಒಂದು ಮಾತು ಸಾಕಿತ್ತು.

‘ಸರಿಯಿದ್ದಾನೆ ಎಂದೆ’ ಎಂದ ಆರ್ಚಿ. ‘ಅವನ ಅಮ್ಮ ಹಿಂದಿನ ರಾತ್ರಿಯೇ ರೈಲಿನಲ್ಲಿ ಬಂದಿದ್ದಳು.’

ಡೇವಿ ಆಡಿದ, ಚೆನ್ನಾಗಿಯೇ ಆಡಿದ. ಆ ದೇಶದಲ್ಲಿ ರಾಷ್ಟ್ರದ ಪರ ಆಡಿದವರಿಗೆ ಮಖಮಲ್ಲಿನ ಒಂದು ಟೋಪಿ ಕೊಡುತ್ತಾರೆ, ಕುಚ್ಚು ಇರುವಂಥದ್ದು. ಅದು ಡೇವಿಗೆ ಬಂತು. ಆರ್ಚಿಗೆ ಕೊಟ್ಟಿದ್ದ ನೀಲಿ ಜರ್ಸಿ ಮಡಿಕೆ ಬಿಚ್ಚದೆ ಚೀಲದಲ್ಲೇ ಉಳಿಯಿತು. ವಾಪಸು ರೈಲಿನಲ್ಲಿ ತರಬೇತುದಾರ ಬಂದು ಕೈಚಾಚಿದಾಗ ಮಡಿಸಿದ್ದು ಮಡಿಸಿದ ಹಾಗೆಯೇ ಕೊಟ್ಟ. ಮತ್ತೆಂದೂ ಕರೆ ಬರಲಿಲ್ಲ. ಡೇವಿಗೂ ಅದೊಂದೇ ಪಂದ್ಯ.

ಆಮೇಲೆ ಆರ್ಚಿ ಅಮೆರಿಕಕ್ಕೆ ಬಂದು, ನಮ್ಮ ನ್ಯೂಜೆರ್ಸಿಯ ಕರ್ನಿ ಊರಿನಲ್ಲಿ ನೆಲೆ ನಿಂತ. ಅಲ್ಲಿ ಸ್ಕಾಟ್ಲೆಂಡಿನವರು ಬೇಕಾದಷ್ಟಿದ್ದರು. ಹಗಲು ಕಾರ್ಖಾನೆ, ಭಾನುವಾರ ಆಟ, ಮೊಣಕಾಲು ಸೋತ ಮೇಲೆ ಬೀದಿಯ ಮಕ್ಕಳಿಗೆ ಆಟ ಕಲಿಸುವುದು. ಒಮ್ಮೆ ಅಲ್ಲಿನ ಒಂದು ಸಣ್ಣ ಪತ್ರಿಕೆ ಇವನ ಬಗ್ಗೆ ಬರೆಯುತ್ತ, ಆ ಪಂದ್ಯವನ್ನು ಇವನೇ ಆಡಿದನೆಂದು ಅಚ್ಚು ಹಾಕಿತು. ಯಾರೋ ಪುಣ್ಯಾತ್ಮರು ಅದನ್ನು ಕತ್ತರಿಸಿ ಡೇವಿಗೆ ಮುಟ್ಟಿಸಿದರು. ಡೇವಿ ಆಗ ಹಾಸಿಗೆ ಹಿಡಿದಿದ್ದ. ಆರ್ಚಿ ಫೋನ್ ಮಾಡಿದರೆ ಮಾತಾಡಲಿಲ್ಲ, ವಿಮಾನ ಹತ್ತಿ ಹೋಗುವಷ್ಟರಲ್ಲಿ ಹೋಗಿಬಿಟ್ಟಿದ್ದ. ತನ್ನ ಬಾಳಿನ ಒಂದೇ ಒಂದು ಪಂದ್ಯವನ್ನು ಗೆಳೆಯನೇ ಕದ್ದ ಎಂದುಕೊಂಡು ಸತ್ತ.

ಇದನ್ನು ಹೇಳಿ ಆರ್ಚಿ ಮತ್ತೆ ತುಳಿಯತೊಡಗಿದ. ಆವತ್ತು ನಾನೂ ಗೊಣಗದೆ ತುಳಿದೆ.

ಈ ವರ್ಷ ವಿಶ್ವಕಪ್ಪು ನಮ್ಮ ಮೆಡೋಲ್ಯಾಂಡ್ಸ್ ಕ್ರೀಡಾಂಗಣಕ್ಕೇ ಬರುತ್ತದೆಂದು ನಮ್ಮ ಕೂಟಕ್ಕೂ ಫುಟ್‌ಬಾಲ್ ಹುಚ್ಚು ಹಿಡಿಯಿತು. ಮೇ ತಿಂಗಳಲ್ಲಿ ಹಿಲ್ಸ್‌ಬರೋದ ಒಂದು ಶಾಲೆಯ ಮೈದಾನದಲ್ಲಿ ಮಕ್ಕಳ ಪಂದ್ಯ, ಮಧ್ಯಾಹ್ನ ಒಳಗೆ ಸಭೆ. ಮುಖ್ಯ ಅತಿಥಿಯಾಗಿ ಒಬ್ಬ ಫುಟ್‌ಬಾಲ್ ಆಟಗಾರ ಬೇಕೆಂದು ಅಧ್ಯಕ್ಷ ಅಮರೇಶ್ವರ ಹೇಳಿದಾಗ ನಾನು ಆರ್ಚಿಯ ಹೆಸರು ಹೇಳಿದೆ. ಅಮರೇಶ್ವರ ರಾಯಚೂರು ಕಡೆಯ ಡಾಕ್ಟರು, ಒಳ್ಳೆಯ ಮನುಷ್ಯ, ಆದರೆ ಮೈಕು ಕಂಡರೆ ಮೈಮರೆಯುತ್ತಾನೆ.

ಆರ್ಚಿ ಮೊದಲು ಒಲ್ಲೆನೆಂದ. ಆಮೇಲೆ ಒಂದು ಷರತ್ತು ಹಾಕಿ ಒಪ್ಪಿದ. ಸ್ಕಾಟ್ಲೆಂಡಿನ ಪರ ಆಡಿದೆನೆಂದು ಯಾರೂ ಹೇಳಕೂಡದು. ನಾನು ಮಾತು ಕೊಟ್ಟೆ. ಪೇಟದ ಕಥೆ, ನಟನ ಬೆನ್ನು ಹತ್ತಿದ ಕಥೆಯನ್ನೂ ಹೇಳಿ, ಫೋಟೋ ಆದ ಮೇಲೆ ನಾನು ಎತ್ತಿಕೊಂಡರೆ ತಪ್ಪು ತಿಳಿಯಬೇಡ ಎಂದೆ. ಅವನಿಗೆ ಅದು ಬಹಳ ಹಿಡಿಸಿತು.

ಪರಿಚಯ ಭಾಷಣವನ್ನು ನಾನೇ ಬರೆದುಕೊಟ್ಟೆ. ಗಣಿ, ಬ್ಲ್ಯಾಕ್‌ರಿಗ್, ಹನ್ನೊಂದು ವರ್ಷ, ಕರ್ನಿಯ ಮಕ್ಕಳು. ಅಮರೇಶ್ವರ ಓದಿ ತಲೆ ಕೆರೆದುಕೊಂಡ. ಎಲ್ಲಾ ಓಕೆ ಅಂಕಲ್, ಸ್ವಲ್ಪ ಫ್ಲ್ಯಾಟ್ ಆಯ್ತೇನೋ ಎಂದ. ಬರೆದದ್ದು ಬರೆದ ಹಾಗೆ ಓದಬೇಕೆಂದು ನಾನು ಮೂರು ಸಲ ಹೇಳಿದೆ. ಆದರೆ ಸನ್ಮಾನವೆಂದರೆ ನಮ್ಮವರಿಗೆ ಹಿಟ್ಟಿಗೆ ಸೋಡಾ ಹಾಕಿದ ಹಾಗೆ, ಉಬ್ಬದಿದ್ದರೆ ಸಮಾಧಾನವಿಲ್ಲ. ಕ್ಲಿನಿಕ್ಕು ಇಟ್ಟವನು ವಿಶ್ವವಿಖ್ಯಾತ ವೈದ್ಯ, ಎರಡು ಪದ್ಯ ಬರೆದವನು ಮಹಾಕವಿ. ಸನ್ಮಾನಿತರೂ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಾರೆ, ಅದೇ ಮರ್ಯಾದೆ. ಯಾರೂ ಎದ್ದು ತಿದ್ದಿದ್ದನ್ನು ನಾನು ಈವರೆಗೆ ನೋಡಿರಲಿಲ್ಲ.

ಆ ದಿನ ಆರ್ಚಿಯನ್ನು ಅವನ ಮಗಳು ಮೊರಾಗ್ ಕರೆತಂದಳು. ಅರವತ್ತು ದಾಟಿದ ಹೆಂಗಸು, ತಂದೆಯ ತೋಳನ್ನು ಬಿಡದೆ ಹಿಡಿದುಕೊಂಡಿದ್ದಳು. ಆರ್ಚಿ ಕೋಟು, ಟೈ, ಮಿರುಗುವ ಷೂ ಹಾಕಿಕೊಂಡು ಮದುವೆಗೆ ಬಂದವನಂತೆ ಬಂದಿದ್ದ. ಮಕ್ಕಳ ಪಂದ್ಯವನ್ನು ಕುರ್ಚಿಯ ತುದಿಯಲ್ಲಿ ಕೂತು ನೋಡಿದ. ಚೆಂಡು ಕಿತ್ತುಕೊಳ್ಳುವವರಿಗೆ ಮಾತ್ರ ಚಪ್ಪಾಳೆ ತಟ್ಟುತ್ತಿದ್ದ. ನನ್ನ ಮೊಮ್ಮಗಳು ಐಶ್ವರ್ಯಾ ಬೆವರೊರೆಸಿಕೊಂಡು ಬಂದು, ನೀವು ಫೇಮಸ್ ಆಗಿದ್ರಾ ಎಂದು ಇಂಗ್ಲಿಷಿನಲ್ಲಿ ಕೇಳಿಬಿಟ್ಟಳು. ‘ಬ್ಲ್ಯಾಕ್‌ರಿಗ್‌ನಲ್ಲಿ ಆಗಿದ್ದೆನಮ್ಮ, ಶನಿವಾರ ಸಂಜೆ ಐದರವರೆಗೆ’ ಎಂದ. ನಾನು ಅವಳ ಕಿವಿ ಹಿಂಡುವ ಮೊದಲೇ ಇಬ್ಬರೂ ನಗುತ್ತಿದ್ದರು.

ಬಿಸಿಬೇಳೆಬಾತು, ಕಾಫಿ ಮುಗಿಸಿ ಎಲ್ಲರೂ ಒಳಗೆ ಬಂದರು. ಸಭಾಂಗಣ ತುಂಬಿತ್ತು. ಅಮರೇಶ್ವರನ ತಾಯಿ ಬಸಲಿಂಗಮ್ಮ ಸ್ಟೇಜಿನ ಮೇಲೆ ಕೂತಿದ್ದರು. ಎಂಬತ್ತು ದಾಟಿದವರು, ಕೂಟದಲ್ಲಿ ಪೇಟ ತೊಡಿಸುವ ಗೌರವ ಯಾವತ್ತೂ ಅವರದೇ. ಇಂಗ್ಲಿಷು ಒಂದಕ್ಷರ ಬರದು. ಅದಕ್ಕೇ ಮಾತು ತಿಳಿಸಲು ಮಗ್ಗುಲಲ್ಲಿ ನಾನು, ಪೇಟದ ಡಬ್ಬ ಹಿಡಿದುಕೊಂಡು.

ಅಮರೇಶ್ವರ ಪರಿಚಯ ಶುರು ಮಾಡಿದ. ಮೊದಲ ನಾಲ್ಕು ಸಾಲು ನನ್ನವೇ, ಆರ್ಚಿಗೆ ತಿಳಿಯಲೆಂದು ಇಂಗ್ಲಿಷಿನಲ್ಲೂ ಹೇಳಿದ. ಬಸಲಿಂಗಮ್ಮ ಶಾಲು ಹೊದಿಸಿ, ಪೇಟ ತೊಡಿಸಿದರು. ಪೇಟ ಅವನ ಸಣ್ಣ ತಲೆಗೆ ಸ್ವಲ್ಪ ದೊಡ್ಡದಾಗಿ ಹುಬ್ಬಿನ ಮೇಲೆ ಕೂತಿತು. ಆರ್ಚಿಯ ಕಣ್ಣು ಮಿನುಗಿದ್ದನ್ನು ನಾನು ನೋಡಿದೆ. ಜನ ಚಪ್ಪಾಳೆ ತಟ್ಟಿದರು. ಅಷ್ಟೇ ತಡ, ಆ ಚಪ್ಪಾಳೆ ಅಮರೇಶ್ವರನ ತಲೆಗೇರಿತು.

‘ಇವರು ಸಾಮಾನ್ಯರಲ್ಲ. ಸ್ಕಾಟ್ಲೆಂಡ್ ದೇಶಕ್ಕೆ ಆಡಿದ ಇಂಟರ್‌ನ್ಯಾಷನಲ್ ಸ್ಟಾರ್. ವೇಲ್ಸ್ ದೇಶದ ವಿರುದ್ಧ ರೈಟ್ ಹಾಫ್ ಆಗಿ ಆಡಿ ಗೆಲ್ಲಿಸಿಕೊಟ್ಟ ಮಹಾವೀರ ಇವರೇ.’

ಅದನ್ನೇ ಮತ್ತೆ ಇಂಗ್ಲಿಷಿನಲ್ಲಿ ಹೇಳಿದ, ಕರ್ನಿಯ ಆ ಪತ್ರಿಕೆಯ ತಪ್ಪು ಸುದ್ದಿಯನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿ ತೆಗೆದಿದ್ದನಂತೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.  ಮೈಕು ಕಸಿದುಕೊಂಡು ಅವನ ತಲೆಗೆ ಕುಟ್ಟೋಣವೆನ್ನಿಸಿತು. ಸಭೆಯಲ್ಲಿ ಕೂತ ಮೊರಾಗ್ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಆರ್ಚಿ ನನ್ನ ಕಡೆ ನೋಡಿದ. ನಾನು ಕೊಟ್ಟ ಮಾತು ಅಲ್ಲೇ ಬಿದ್ದಿತ್ತು, ಎಲ್ಲರ ಕಾಲಡಿ.

ಅವನು ಸುಮ್ಮನೆ ಕೂರಬಹುದಿತ್ತು. ತೊಂಬತ್ತೆರಡು ವರ್ಷ, ಎದೆಯಲ್ಲಿ ಪೇಸ್‌ಮೇಕರ್, ಅಲ್ಲಿದ್ದವರಲ್ಲಿ ಒಬ್ಬರಿಗೂ ಡೇವಿ ಯಾರೆಂದು ಗೊತ್ತಿಲ್ಲ. ಎದ್ದು ನಿಂತ ಚಪ್ಪಾಳೆ ಅವನ ಬಾಳಿನಲ್ಲಿ ಇನ್ನೊಮ್ಮೆ ಬರುವಂಥದ್ದೂ ಅಲ್ಲ. ಆದರೆ ಅವನು ಕುರ್ಚಿಯ ಕೈ ಹಿಡಿದು ಎದ್ದ. ಪೇಟವನ್ನು ಎರಡೂ ಕೈಯಿಂದ ತೆಗೆದು ಎದೆಗೆ ಹಿಡಿದುಕೊಂಡ. ನಾನು ಹೋಗಿ ಅಮರೇಶ್ವರನ ಕೈಯಿಂದ ಮೈಕು ತಂದು ಅವನ ಬಾಯಿಗೆ ಹಿಡಿದೆ.

ಮೆಲ್ಲಗೆ ಮಾತಾಡಿದ. ಅವನ ಇಂಗ್ಲಿಷನ್ನು ನಾನು ಸಾಲು ಸಾಲಾಗಿ ಕನ್ನಡಕ್ಕೆ ತಂದೆ.

‘ಆ ಪಂದ್ಯ ಆಡಿದ್ದು ನಾನಲ್ಲ. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಆಡಿದವನು ಡೇವಿ ಲೋಗನ್. ಊದಿದ ಮೊಣಕಾಲಿನಲ್ಲಿ ಪೂರಾ ಆಟ ಆಡಿದ, ಒಂದು ಸಲವೂ ಕುಂಟಲಿಲ್ಲ. ಅವನಷ್ಟು ಚೆನ್ನಾಗಿ ಆ ದಿನ ನಾನು ಆಡುತ್ತಿರಲಿಲ್ಲ. ಇದನ್ನು ಅವನಿಗೆ ಹೇಳಬೇಕಿತ್ತು, ತಡವಾಯಿತು. ನೀವು ಚಪ್ಪಾಳೆ ತಟ್ಟಿದಿರಲ್ಲ, ಅದು ಡೇವಿಯದು.’

 ಅಮರೇಶ್ವರನ ಮುಖ ಬಿಳಿಚಿತ್ತು. ಆರ್ಚಿ ಪೇಟವನ್ನು ಬಸಲಿಂಗಮ್ಮನವರ ಕಡೆ ಚಾಚಿದ. ಅವರು ಅದನ್ನು ತೆಗೆದುಕೊಂಡು ನನ್ನ ಮುಖ ನೋಡಿದರು.

‘ಈ ಹಿರ್ಯಾ ಆ ಒಂದಾಟ ಆಡಿಲ್ಲಂತ ಹೌದಿಲ್ಲೊ? ಮತ್ತ ಉಳಿದದ್ದೆಲ್ಲಾ ಏನ್ ಮಾಡ್ಯಾನ?’

‘ಆಡ್ಯಾನ್ರೀ ಯವ್ವಾ. ಹನ್ನೊಂದು ವರ್ಷ ತಮ್ಮೂರಿಗೆ ಆಡ್ಯಾನ. ಬೆಳಿಗ್ಗಿ ಕಲ್ಲಿದ್ದಲು ಅಗೀತಿದ್ದಾ, ಮಧ್ಯಾಹ್ನ ಆಡ್ತಿದ್ದಾ.’

‘ಹಂಗಾರ ಇದು ಅದಕ್ಕ’ ಎಂದರು ಬಸಲಿಂಗಮ್ಮ. ಮೈಕು ಹತ್ತಿರವಿದ್ದದ್ದರಿಂದ ಇಡೀ ಸಭೆಗೆ ಕೇಳಿಸಿತು. ‘ಬಗ್ಗು ಅಂತ ಹೇಳಪಾ ಅವನಿಗೆ, ನನ್ನ ಕೈ ನಿಲುಕಂಗಿಲ್ಲ.’

ಬಗ್ಗು ಎಂದೆ. ಆರ್ಚಿ ಬಗ್ಗಿದ. ಆ ಮುದುಕಿ ಅವನ ತಲೆಗೆ ಪೇಟವನ್ನಿಟ್ಟು, ಓರೆಯಾಗದಂತೆ ಎರಡೂ ಕಡೆ ಒತ್ತಿ, ಹಣೆಯ ಗೆರೆ ಕಂಡು ಅದನ್ನೊಮ್ಮೆ ಹೆಬ್ಬೆರಳಿನಿಂದ ಸವರಿದರು. ಎರಡನೆಯ ಸಲ ಜನ ಎದ್ದದ್ದು ಬೇರೆಯದೇ ಥರ. ಮುಂದಿನ ಸಾಲಿನಿಂದ ಕಲಾ ಮೊದಲು ಎದ್ದಳು, ಅವಳ ಕೆನ್ನೆ ಒದ್ದೆಯಾಗಿತ್ತು. ನನ್ನದೂ ಆಗಿತ್ತು, ಡಬ್ಬ, ಮೈಕು ಎರಡನ್ನೂ ಹಿಡಿದಿದ್ದರಿಂದ ಒರೆಸಿಕೊಳ್ಳಲು ಆಗಲಿಲ್ಲ.

ಅಮರೇಶ್ವರ ಬಂದು ಆರ್ಚಿಯ ಕೈ ಹಿಡಿದು ಕ್ಷಮೆ ಕೇಳಿದ, ಮನಸ್ಸಿಟ್ಟೇ ಕೇಳಿದ. ಆರ್ಚಿ ಅವನ ಬೆನ್ನು ತಟ್ಟಿ, ನೀನು ಹಾಗೆ ಹೇಳದಿದ್ದರೆ ನನಗೆ ಡೇವಿಯ ಹೆಸರು ಹೇಳುವ ಸಂದರ್ಭವೇ ಬರುತ್ತಿರಲಿಲ್ಲ ಎಂದ. ಅವನ ದೊಡ್ಡ ಮನಸ್ಸು ಅದು. ನಾನಾಗಿದ್ದರೆ ಅಮರೇಶ್ವರನಿಗೆ ಆರು ತಿಂಗಳಾದರೂ ಚಹಾ ಕೊಡುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಈಗಲೂ ಕೊಟ್ಟಿಲ್ಲ.

ಫೋಟೋಗಳಾದವು. ಐಶ್ವರ್ಯಾ ಮತ್ತು ಅವಳ ತಂಡದ ಮಕ್ಕಳೆಲ್ಲ ಆರ್ಚಿಯ ಸುತ್ತ ನಿಂತು ತೆಗೆಸಿಕೊಂಡರು. ಮೊರಾಗ್ ನನ್ನ ಹತ್ತಿರ ಬಂದು, ಅಪ್ಪ ಈ ಹೆಸರನ್ನು ಜನರ ಮುಂದೆ ಹೇಳಿದ್ದು ಇದೇ ಮೊದಲು, ಮನೆಯಲ್ಲೂ ಹೇಳುತ್ತಿರಲಿಲ್ಲ ಎಂದಳು. ನಾನು ಹಣ್ಣಿನ ಬುಟ್ಟಿ ಎತ್ತಿಕೊಂಡು ಅವರನ್ನು ಕಾರಿನವರೆಗೆ ಬಿಡಲು ಹೋದೆ. ಕಂಕುಳಲ್ಲಿ ಖಾಲಿ ಡಬ್ಬವಿತ್ತು.

ಕಾರಿನ ಹತ್ತಿರ ಬಂದೊಡನೆ ಆರ್ಚಿ ನಿಂತ.  ತಾನಾಗಿಯೇ ಪೇಟವನ್ನು ತೆಗೆದು, ಜರಿ ನಲುಗದಂತೆ ಅಂಗೈಗಳ ಮೇಲಿಟ್ಟುಕೊಂಡು ನನ್ನ ಕಡೆ ಚಾಚಿದ. ರೈಲಿನಲ್ಲಿ ಜರ್ಸಿಯನ್ನು ಹೀಗೆಯೇ ಚಾಚಿದ್ದಿರಬೇಕು. ಮುಖದಲ್ಲಿ ಬೇಸರವಿರಲಿಲ್ಲ. ಕೊಟ್ಟದ್ದನ್ನು ಹಿಂದಿರುಗಿಸಬೇಕು ಎಂದು ಅರವತ್ತೆಂಟೋ ಎಪ್ಪತ್ತೋ ವರ್ಷದ ಹಿಂದೆಯೇ ಕಲಿತವನ ಮುಖ ಅದು.

‘ನಿಮ್ಮ ಕೂಟದ್ದು’ ಎಂದ. ‘ಗಾಜು ತಟ್ಟುವ ಕಷ್ಟ ನಿನಗೆ ಬೇಡ.’

 ಕಾರ್ಯಕಾರಿ ಸಮಿತಿಯನ್ನು ಕೇಳಬೇಕಿತ್ತು, ನಿಯಮ ಹಾಗಿದೆ. ಆ ನಿಯಮ ಬರೆದವನೂ ನಾನೇ. ಹಾಳಾಗಿ ಹೋಗಲಿ ಸಮಿತಿ.

‘ಅದು ನಿನ್ನದು, ಆರ್ಚಿ’ ಎಂದೆ. ‘ವಾಪಸು ಕೊಡೋ ಹಾಗಿಲ್ಲ.’

ಅವನು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಿಜವೇ ಎನ್ನುವಂತೆ ಮಗಳ ಮುಖ ನೋಡಿದ. ಅವಳು ತಲೆಯಾಡಿಸಿದಳು. ಆಗ ಡಬ್ಬವನ್ನು ನೆಲದ ಮೇಲಿಟ್ಟು, ಪೇಟವನ್ನು ಅವನ ಅಂಗೈಯಿಂದ ನಾನೇ ಎತ್ತಿದೆ. ಅಷ್ಟು ವರ್ಷ ಅಷ್ಟು ಜನರ ತಲೆಯಿಂದ ತೆಗೆದಿದ್ದ ಈ ಕೈಗಳಿಂದ ಮೊದಲ ಸಲ ಒಬ್ಬನ ತಲೆಗೆ ಇಟ್ಟೆ.

ಆರ್ಚಿ ಒಂದು ಕೈಯಿಂದ ಪೇಟವನ್ನು ಹಿಡಿದುಕೊಂಡು, ಬಾಗಿಲ ಚೌಕಟ್ಟಿಗೆ ತಾಗದಂತೆ ಬಹಳ ಹೊತ್ತು ಬಗ್ಗಿ ಬಗ್ಗಿ ಕಾರಿನೊಳಗೆ ಕೂತ. ಕೂತ ಮೇಲೂ ಕೈ ತೆಗೆಯಲಿಲ್ಲ.  ನಾನು ಬಾಗಿಲು ಹಾಕಿ ಹಿಂದೆ ಸರಿದು ನಿಂತೆ, ಮೊರಾಗ್ ಕಾರು ಹೊರಡಿಸಿದಳು.